ಜೇಬಿನಲ್ಲಿ ಕಲೆತ ಎಂಟು ಚೀಟಿ

ನವೆಂಬರ್ ೧೪, ಗುರುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಎರಡು ಪತ್ರ ಬಂದು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪುರುಸೊತ್ತಿತ್ತು, ಕೈ ಏಳಲಿಲ್ಲ. ಅತ್ತಿಗೆ ಹೇಗಿದ್ದಾರೆ? ನೀನು ಬಿದ್ದಾಗ ಆದ ಹಣೆಯ ಗಾಯ ಮಾಯಿತೆ?

ನಾನಿನ್ನೂ ಪ್ರಯೋಗಾಲಯದ ಇಲಿಮನೆಯಲ್ಲೇ ಇದ್ದೇನೆ. ಎಲ್ಲೂ ನಿಲ್ಲದವಳು ಕೊನೆಗೆ ಇಲಿಗಳ ಹತ್ತಿರ ನಿಂತಳಲ್ಲ ಎಂದು ನೀನು ನಕ್ಕಿದ್ದೆ. ಪಂಜರ ತೊಳೆಯುವುದು, ಮರದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು. ಬೆಳಗ್ಗೆ ಪ್ರಯೋಗ ನಡೆಸುವ ಡಾಕ್ಟರಮ್ಮ ಇಲಿಯ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ, ನೀನು ಬೆರಳು ಚುಚ್ಚಿಕೊಳ್ಳುವ ಹಾಗೆಯೇ.

ಅಲ್ಲಿ ನಿಜಕ್ಕೂ ಏನು ನಡೀತಿದೆ ಎಂದು ನೀನು ಕೇಳಿದ್ದೆ. ಇನ್ಸುಲಿನ್ ಮಾಡುವ ಜೀವಕೋಶಗಳ ಸಣ್ಣ ಗುಂಪುಗಳನ್ನು ಸಕ್ಕರೆ ಕಾಯಿಲೆಯ ಇಲಿಗಳ ಮೈಯಲ್ಲಿ ಇಡುತ್ತಾರೆ. ಹಾಗೇ ಇಟ್ಟರೆ ರಕ್ತನಾಳ ಹತ್ತಿರ ಬರುವ ಮೊದಲೇ ಹೆಚ್ಚಿನವು ಸಾಯುತ್ತವೆ. ಜೊತೆಗೆ ಸ್ಟೆಮ್ ಸೆಲ್ ಎಂಬ ಆಸರೆಯ ಕೋಶಗಳನ್ನು ಇಟ್ಟರೆ ಬದುಕುತ್ತವೆಯೇ ಎಂಬುದೇ ಪ್ರಶ್ನೆ. ಹೊಸ ಮನೆಗೆ ಬಂದವರಿಗೆ ಪಕ್ಕದ ಮನೆಯವರು ಮೊದಲ ದಿನ ನೀರು, ಊಟ ಕೊಡುವ ಹಾಗೆ ಎಂದು ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. ನಾಲ್ಕು ಪಂಜರ ಸ್ಟೆಮ್ ಸೆಲ್ ಜೊತೆಯವು, ನಾಲ್ಕು ಅದಿಲ್ಲದ ಒಂಟಿಯವು. ಇಲಿಗಳೆಲ್ಲ ಒಂದೇ ಬಿಳುಪು. ಪಂಜರಕ್ಕೆ ಸಿಕ್ಕಿಸಿದ ಚೀಟಿಯೊಂದೇ ಗುರುತು. ಇದು ಗೆದ್ದರೆ ಮುಂದೆ ಮನುಷ್ಯರ ಮೇಲೆ ಪರೀಕ್ಷೆ. ಅದಕ್ಕೆ ಹೆಸರು ಕೊಡಲು ನೀನು ಕಾಯುತ್ತಿದ್ದೀಯ, ನನಗೆ ಗೊತ್ತು.

ಕಳೆದ ತಿಂಗಳು ಒಂದು ಸೋಮವಾರ, ಪಂಜರ ತೊಳೆಯುವಾಗ ಚೀಟಿ ನೆನೆಯದಿರಲಿ ಎಂದು ಎಂಟನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಒಂದು ತೆಗೆದು, ಆ ಪಂಜರ ತೊಳೆದು, ಅದನ್ನು ಸಿಕ್ಕಿಸಿ, ಆಮೇಲೆ ಇನ್ನೊಂದು ತೆಗೆಯಬೇಕು ಎಂಬುದು ನಿಯಮ. ಆಗಲೇ ಅತ್ತಿಗೆಯ ಫೋನ್ ಬಂತು, ನೀನು ಬಸ್ ನಿಲ್ದಾಣದಲ್ಲಿ ಸಕ್ಕರೆ ಇಳಿದು ಬಿದ್ದೆ ಎಂದು. ಮಾತು ಮುಗಿಸಿ ಬಂದು ಚೀಟಿಗಳನ್ನು ಅಂದಾಜಿನ ಮೇಲೆ ಸಿಕ್ಕಿಸಿದೆ. ನೆಪ ಹೇಳುತ್ತಿಲ್ಲ. ತಪ್ಪು ಮಾಡಿದ್ದು ಫೋನ್ ಅಲ್ಲ.

ಆಮೇಲೆ ಹನ್ನೊಂದು ದಿನ ಜೊತೆಯ ಪಂಜರಗಳಲ್ಲಿ ಸಕ್ಕರೆ ಇಳಿಯುತ್ತಲೇ ಬಂತು. ಬಹುಶಃ ನನ್ನ ಅಂದಾಜು ಸರಿಯೇ ಇತ್ತು. ಡಾಕ್ಟರಮ್ಮ ಎಷ್ಟೋ ದಿನದ ಮೇಲೆ ನಕ್ಕಿದ್ದರು. ಇಲಿಮನೆಯ ಹಳೇ ಆಯಾಗೆ ಗುಟ್ಟು ಹೇಳಿದೆ. "ಬಾಯಿ ಮುಚ್ಕೊಂಡಿರೇ. ಇಲಿ ಬಂದು ಸಾಕ್ಷಿ ಹೇಳುತ್ತಾ?" ಅಂದಳು.

ಹನ್ನೆರಡನೇ ದಿನ ಹೋಗಿ ಹೇಳಿಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರಿಯಾಗೇ ಇಟ್ಟಿದ್ದೀಯ ಅನ್ಸುತ್ತಾ?"

"ಅನ್ಸುತ್ತೆ ಮೇಡಂ. ಗೊತ್ತಿಲ್ಲ."

"ಹಾಗಾದ್ರೆ ನನಗೂ ಗೊತ್ತಿಲ್ಲ."

ಸಕ್ಕರೆಯ ಲೆಕ್ಕ ಬರೆದಿಟ್ಟ ಪುಸ್ತಕದ ಅಷ್ಟೂ ಪುಟಗಳಿಗೆ ಅಡ್ಡಗೆರೆ ಎಳೆದರು. ಮತ್ತೆ ಮೊದಲಿನಿಂದ, ಹೊಸ ಇಲಿ, ಈ ಸಲ ಕಿವಿಗೂ ಗುರುತು. ಒಂದು ವರ್ಷ ತಡ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಹಗುರಾಗುತ್ತಿತ್ತು. ಆ ವರ್ಷ ನಿನ್ನದು ಅಣ್ಣ, ನಾನು ಕಳೆದದ್ದು.

ದಣಿದಿದ್ದೇನೆ. ಅತ್ತಿಗೆಗೆ ನಮಸ್ಕಾರ ಹೇಳು. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಪೆಪ್ಪರಮೆಂಟು ಇಲ್ಲದೆ ಹೊಸಲು ದಾಟಬೇಡ. ಮನಸ್ಸಾದರೆ ಆಶೀರ್ವಾದ ಮಾಡು.

ನಿನ್ನ ತಂಗಿ,
ಬುಗುರಿ

ತಾ.ಕ.: ಒಂಬತ್ತನೇ ತರಗತಿಯಲ್ಲಿ ನೀನು ಶಾಲೆಯ ಮೈದಾನದಲ್ಲಿ ಹೀಗೇ ಸಕ್ಕರೆ ಇಳಿದು ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದೆಯಲ್ಲ. ಕಂಪಾಸ್ ಪೆಟ್ಟಿಗೆಯಲ್ಲಿ ಪೆಪ್ಪರಮೆಂಟು ಇರಲಿಲ್ಲ ಎಂದು ಅಮ್ಮ ನಿನ್ನನ್ನೇ ಬೈದಳು. ತಿಂದವಳು ನಾನು, ಆರನ್ನೂ. ಅಮ್ಮ ಕೇಳಿದಾಗ ಇಲ್ಲ ಎಂದೆ. ಆಮೇಲೆ ಆ ಮೈದಾನ ದಾಟಿ ತರಗತಿಗೆ ಹೋಗಲಾಗದೆ ನಾನು ಶಾಲೆ ಬಿಟ್ಟೆ. ಓದು ತಲೆಗೆ ಹತ್ತಲ್ಲ ಎಂದು ನಿಮಗೆಲ್ಲ ಹೇಳಿದ್ದು ಎರಡನೇ ಸುಳ್ಳು. ಮೂರನೆಯದು ನನ್ನ ಕೈಲಿ ಆಗಲಿಲ್ಲ.