ಪುಟ್ಟಿಗೆ ಬಿಸ್ಕತ್ತು ಕೊಡಬೇಡ

ಅಪ್ಪಾ,

ಡ್ಯೂಟಿಗೆ ಹೊರಟೆ. ಪುಟ್ಟಿ ಈಗಷ್ಟೇ ನಿದ್ದೆ ಹೋಗಿದ್ದಾಳೆ, ಎಬ್ಬಿಸಬೇಡ.

ಬಿಸ್ಕತ್ತಿನ ಡಬ್ಬ ನನ್ನ ಚೀಲದಲ್ಲಿದೆ, ಹುಡುಕಿ ಸುಸ್ತಾಗಬೇಡ. ಅತ್ತರೂ ಬಿಸ್ಕತ್ತು, ನಕ್ಕರೂ ಬಿಸ್ಕತ್ತು ಅಂತ ನೀನು ಕೊಡುತ್ತಿದ್ದರೆ ಊಟಕ್ಕೆ ಜಾಗ ಎಲ್ಲಿ? ಉಣ್ಣದೆ ಮಲಗುತ್ತಾಳೆ, ಹಸಿದು ನಡುರಾತ್ರಿ ಏಳುತ್ತಾಳೆ, ನನ್ನನ್ನೂ ಎಬ್ಬಿಸುತ್ತಾಳೆ. ನಿದ್ದೆಗೆಟ್ಟ ಮಗು ಮರುದಿನ ತುತ್ತು ಕಂಡರೆ ಬಾಯಿ ಬಿಗಿಯುತ್ತದೆ. ಆಗ ನೀನು ಮತ್ತೆ ಡಬ್ಬ ತೆಗೆದು, ಗಂಟಲು ಸರಿಮಾಡಿಕೊಂಡು, "ಪಾಪ, ಕೂಸು ಕಣೋ!" ಅನ್ನುತ್ತೀಯ. (ಆ ದನಿಯ ಅಣಕು ನನಗೂ ಬರುತ್ತದೆ, ಅವಳಿಗೂ ಬರುತ್ತದೆ.)

ಊಟ ಮಾಡಿಸುವಾಗ ಬಾಯಲ್ಲೇ ಬಸ್ಸಿನ ಹಾರ್ನ್ ಹೊಡೆ, ಬಾಯಿ ತೆರೆಯುತ್ತಾಳೆ. ಮಲಗಿಸುವಾಗ ಮಾತ್ರ ಬೇಡ, "ರೈಟ್ ರೈಟ್" ಅಂತ ಎದ್ದು ಹೊರಟೇಬಿಡುತ್ತಾಳೆ.

ತಮಾಷೆಯಲ್ಲ, ಅಪ್ಪಾ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ನನಗೆ ಇಷ್ಟೆಲ್ಲ ಚಿಂತೆಯಿದ್ದೂ ನಿನ್ನೆ ಸ್ಟಿಯರಿಂಗ್ ಹಿಡಿದಲ್ಲೇ ಕಣ್ಣು ಎಳೆದುಕೊಂಡು ಹೋಯಿತು. ಕಂಡಕ್ಟರ್ ಕೂಗದಿದ್ದರೆ ಬಸ್ಸು ಸೇತುವೆಗೆ ಗುದ್ದುತ್ತಿತ್ತು. ಒಳಗೆ ತುಂಬ ಜನರಿದ್ದರು. ಅವಳಮ್ಮ ತರಬೇತಿ ಮುಗಿಸಿ ಬರುವವರೆಗೆ ನನಗೆ ನೀನೇ ಗತಿ. ಕೈ ಮುಗಿಯುತ್ತೇನೆ, ಇವತ್ತೊಂದು ದಿನ ಅವಳ ಅಳುವಿಗೆ ಕರಗಬೇಡ.

ನಾನು ಬರುವ ಹೊತ್ತಿಗೆ ಉಂಡು ಮಲಗಿದ್ದರೆ ಬಾಗಿಲು ತೆಗೆಯಬೇಡ, ಚಿಲಕದ ಸದ್ದಿಗೂ ಏಳುತ್ತಾಳೆ. ನಾನು ಹೊರಗೆ ಮೆಟ್ಟಿಲ ಮೇಲೇ ಮಲಗಿಕೊಳ್ಳುತ್ತೇನೆ.