ನಾಲ್ಕು ವರ್ಷ ಮುಂದಿನ ಅಂಕ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ಮೊದಲು ನಿಮ್ಮಮ್ಮನ ವಿಷಯ ಹೇಳು. ಸೊಂಟದ ಆಪರೇಷನ್ ಆಗಿ ಐದು ವಾರವಾಯಿತಲ್ಲ, ಬೀಗಿತ್ತಿಯವರು ಕೋಲು ಹಿಡಿದು ಬಚ್ಚಲಿನವರೆಗೆ ತಾವೇ ಹೋಗುತ್ತಾರೋ, ಇಲ್ಲ ಇನ್ನೂ ನಿನ್ನ ಹೆಗಲೇ ಆಸರೆಯೋ? ಡಾಕ್ಟರು ಎಷ್ಟು ನಡೆಯಿರಿ ಅಂದಿದ್ದಾರೋ ಅಷ್ಟೇ ನಡೆಯಲಿ, ಹತ್ತು ಹೆಜ್ಜೆ ಹೆಚ್ಚು ಬೇಡ ಎಂದು ನಾನು ಹೇಳಿದೆನೆಂದು ಹೇಳು. ಅವರ ಹಟ ನನಗೆ ನಿಮ್ಮ ಮದುವೆಯ ಮಾತುಕತೆಯ ದಿನವೇ ಗೊತ್ತಾಗಿತ್ತು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ರೋಗಿಯನ್ನು ನೋಡಿಕೊಳ್ಳುವವರು ರೋಗಿ ಬಿಟ್ಟಿದ್ದನ್ನು ತಿಂದು ದಿನ ದೂಡುತ್ತಾರೆ. ನಿನ್ನ ಅತ್ತೆ ಮಲಗಿದ್ದಾಗ ನಾನೂ ಹಾಗೆಯೇ ಮಾಡಿ ಕಡ್ಡಿಯಾಗಿದ್ದೆ.

ಇಲ್ಲಿ ನಾವಿಬ್ಬರು ಗಂಡಸರು ಸುಖವಾಗಿದ್ದೇವೆ ಎಂದು ಬರೆದರೆ ನೀನೇನೂ ನಂಬುವವಳಲ್ಲ. ನಿನ್ನ ಗಂಡ ಪ್ರೆಸ್ಸಿನಿಂದ ಬಂದು ಅಡುಗೆಗೆ ಉಪ್ಪು ಹಾಕುತ್ತಾನೆ, ಅವನು ಮರೆತಿರಬಹುದೆಂದು ನಾನೂ ಒಂದು ಸಲ ಹಾಕುತ್ತೇನೆ. ಆಮೇಲೆ ಇಬ್ಬರೂ ಮಾತಿಲ್ಲದೆ ನೀರು ಕುಡಿಯುತ್ತೇವೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಮಾವ ಅನ್ನಬೇಡ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ತಪ್ಪು ಕೇಳಿಸುತ್ತದೆ. ಅದೂ ಅಲ್ಲದೆ ಇದರ ಜೊತೆಗಿರುವ ಪಟ್ಟಿಗೆ ಕೋಚ್ ಎಂದು ನೀನು ಸಹಿ ಹಾಕಬೇಕು. ಹಾಕುವ ಮುಂಚೆ ಅದು ಹೇಗಾಯಿತೆಂದು ನಿನಗೆ ಗೊತ್ತಿರಬೇಕು. ನನಗೇ ಪೂರ್ತಿ ಗೊತ್ತಿಲ್ಲ, ಅದು ಬೇರೆ ಮಾತು.

ನೀನು ಹೊರಡುವ ದಿನ ಬಾಗಿಲಲ್ಲಿ ನಿಂತು, “ಮಾವ, ಈ ಸಲ ಸೇರಿರೋ ಒಂಬತ್ತು ಹುಡುಗೀರನ್ನ ನೀವೇ ನೋಡಿ, ನಂಬರ್ ಹಾಕಿ ಕಳಿಸಿಬಿಡಿ, ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ” ಎಂದೆಯಲ್ಲ. ನಾನೂ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಮೂವತ್ತೊಂದು ವರ್ಷ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಮೇಜಿನಲ್ಲಿ ಕೂತು ಸ್ಕೋರ್ ಬರೆದವನು ನಾನು, ಒಂಬತ್ತು ಹುಡುಗಿಯರು ಯಾವ ಲೆಕ್ಕ ಎಂದುಕೊಂಡಿದ್ದೆ. ಕಾಲೇಜಿನವರು ಒಬ್ಬೊಬ್ಬಳಿಗೆ ಒಂದರಂತೆ ಕೊಟ್ಟ ಫಾರಂ ಬಿಡಿಸಿ ನೋಡಿದ ಮೇಲೆ ಕೈಕಾಲು ಆಡಲಿಲ್ಲ. ಇವತ್ತು ಯಾರು ಹೇಗೆ ಆಡುತ್ತಾಳೆ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. “ನಾಲ್ಕು ವರ್ಷಗಳಲ್ಲಿ ತಲುಪಬಹುದಾದ ಮಟ್ಟ, ಹತ್ತಕ್ಕೆ” ಎಂದು ಒಂದೇ ಒಂದು ಕಾಲಂ. ಮೊದಲ ನಾಲ್ವರಿಗೆ ನಾಲ್ಕು ವರ್ಷ ಹಾಸ್ಟೆಲ್ಲು, ಫೀಸು ಮಾಫಿ. ಉಳಿದ ಐವರಿಗೆ ಏನೂ ಇಲ್ಲ. ಚೆಂಡು ಒಳಗೆ ಬಿದ್ದ ಮೇಲೆ ಬರೆಯುವುದು ನನ್ನ ಕೆಲಸವಾಗಿತ್ತು ಮಗಳೇ. ಬೀಳುವುದಕ್ಕೆ ನಾಲ್ಕು ವರ್ಷ ಮುಂಚೆ ಬರೆ ಎಂದರೆ ಏನು ಬರೆಯಲಿ?

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತಾರೆ. ಗುರುವಾರ ಬೆಳಿಗ್ಗೆ ಕಾಲೇಜಿನ ಆಟದ ಹಾಲ್‌ನಲ್ಲಿ ಒಂಬತ್ತು ಮೊಳಕೆಗಳು ಸಾಲಾಗಿ ನಿಂತಿದ್ದವು, ನನಗಂತೂ ಯಾವುದರಲ್ಲೂ ಸಿರಿ ಕಾಣಲಿಲ್ಲ, ಬರೀ ಹೆದರಿಕೆ ಕಂಡಿತು. ಹೆಸರುಗಳು ನನ್ನ ತಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಾನೇ ಒಂದೊಂದು ಇಟ್ಟುಕೊಂಡೆ. ನನ್ನ ಮೊಣಕೈಯಷ್ಟೇ ಎತ್ತರವಿದ್ದರೂ ಎಲ್ಲರಿಗೂ ನೀ ಅಲ್ಲಿ ಹೋಗು, ನೀ ಇಲ್ಲಿ ಬಾ ಎಂದು ಕೈಬೀಸುತ್ತಿದ್ದವಳು ಟ್ರಾಫಿಕ್. ಚೆಂಡಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುವವಳು ಬೇಕರಿಯವರ ಮಗಳು. ಮೂರು ದಿನದಲ್ಲಿ ಮೂರು ಮಾತೂ ಆಡದೆ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿರುತ್ತಿದ್ದವಳು ಮೌನಿ. ಆರಡಿ ಎತ್ತರವಿದ್ದು, ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಏಣಿ. ಆಟ ಶುರು ಮಾಡಿ ಮೂರು ತಿಂಗಳಂತೆ. ಮತ್ತೆ ಎಡಚಿ. ಲಾರಿ ರಿಪೇರಿ ಮಾಡುವವರ ಮಗಳು, ಎಡಗೈ ಆಟ. ಅವಳ ಬಗ್ಗೆಯೇ ಈ ಕಾಗದ.

ಮೊದಲ ದಿನ ಎಡಚಿ ಆಡಿದ್ದನ್ನು ನೀನು ನೋಡಬೇಕಿತ್ತು. ಇಪ್ಪತ್ತು ನಿಮಿಷಕ್ಕೆ ಇಪ್ಪತ್ತಮೂರು ಪಾಯಿಂಟು. ಪೆನ್ಸಿಲು ಚೂಪು ಮಾಡಲು ನನಗೆ ಪುರುಸೊತ್ತು ಕೊಡಲಿಲ್ಲ. ಹಾಲ್ ಗುಡಿಸುವ ಅಕ್ಕ ಪೊರಕೆ ಗೋಡೆಗೊರಗಿಸಿ ನಿಂತೇಬಿಟ್ಟಳು. ನಾನು ಮನೆಗೆ ಬಂದು ನಿನ್ನ ಗಂಡನಿಗೆ, ಒಂದನೇ ನಂಬರು ಸಿಕ್ಕಿತು ಕಣೋ, ಇನ್ನು ಎಂಟು ಮಾತ್ರ ಬಾಕಿ ಎಂದೆ. ಎರಡನೇ ದಿನ ಬಂದವಳು ಅವಳೇ, ಆಟ ಮಾತ್ರ ಯಾರದೋ. ಪಾಸು ಕೈಜಾರಿತು. ಬುಟ್ಟಿಯ ಕೆಳಗೆ ನಿಂತು ಹಾಕಿದ್ದೂ ಹೋಗಲಿಲ್ಲ. ಫ್ರೀ ಥ್ರೋ ಪ್ರತಿಯೊಬ್ಬಳಿಗೂ ಹನ್ನೆರಡು ಕೊಡಿಸಿದ್ದೆ, ಎಡಚಿ ಹನ್ನೆರಡರಲ್ಲಿ ಹಾಕಿದ್ದು ಎರಡು. ಕಣ್ಣು ಮುಚ್ಚಿ ಎಸೆಯುವ ಏಣಿಯೇ ಮೂರು ಹಾಕಿದಳು!

ಯಾರನ್ನು ಕೇಳಿದರೆ ಏನು ಹೇಳುತ್ತಾರೆ ನೋಡು. ಪ್ರಿನ್ಸಿಪಾಲರು, “ಎತ್ತರ ನೋಡ್ರಿ, ಆಟ ಕಲಿಸಬಹುದು, ಎತ್ತರ ಕಲಿಸೋಕಾಗುತ್ತಾ?” ಎಂದರು. ಹಾಲ್ ಅಕ್ಕ, “ಬೂಟು ಬಿಚ್ಚಿ ಹೇಗಿಡ್ತಾರೆ ನೋಡಿ ಯಜಮಾನ್ರೇ, ಜೋಡಿಸಿ ಇಡೋಳು ಉದ್ಧಾರ ಆಗ್ತಾಳೆ” ಎಂದಳು. ಅದನ್ನೂ ನೋಡಿದೆ, ಒಂಬತ್ತರಲ್ಲಿ ಏಳು ಜನ ಜೋಡಿಸಿಯೇ ಇಟ್ಟಿದ್ದರು. ನಿನ್ನ ಗಂಡ ಚೀಟಿ ಎತ್ತಿಬಿಡಪ್ಪ ಎಂದ. ಎಡಚಿಗೆ ಒಂಬತ್ತೂವರೆ ಬರೆದಿದ್ದನ್ನು ಅಳಿಸಿ ಆರು ಮಾಡಿದೆ, ಆರನ್ನು ಅಳಿಸಿ ಎಂಟು ಮಾಡಿದೆ. ಕಾಗದ ತೂತು ಬಿದ್ದ ಮೇಲೆ ಇನ್ನೊಂದು ಫಾರಂ ಕೇಳಿ ತಂದೆ.

ಆಮೇಲೆ ನನ್ನದೇ ಹಳೆಯ ಚಟವೊಂದು ಕೆಲಸಕ್ಕೆ ಬಂತು. ತಪ್ಪಿದ ಎಸೆತಗಳನ್ನು ನಾನು ಸುಮ್ಮನೆ ಬಿಡುವುದಿಲ್ಲ, ಒಂದು ಚೂರು ಕಾಗದದಲ್ಲಿ ರಿಂಗ್ ಬರೆದು, ಚೆಂಡು ಎಲ್ಲಿ ತಗುಲಿತೋ ಅಲ್ಲಿ ಚುಕ್ಕೆ ಇಡುತ್ತೇನೆ. ಶುಕ್ರವಾರ ಸಂಜೆ ಒಂಬತ್ತೂ ಚೂರುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಎಲ್ಲರ ಚುಕ್ಕೆಗಳೂ ಸಾಸಿವೆ ಚೆಲ್ಲಿದ ಹಾಗಿದ್ದವು: ಒಂದು ಬೋರ್ಡಿಗೆ, ಒಂದು ಪಕ್ಕಕ್ಕೆ, ಒಂದು ಗಾಳಿಗೆ. ಎಡಚಿಯ ಹತ್ತು ಚುಕ್ಕೆಗಳು ಮಾತ್ರ ರಿಂಗಿನ ಮುಂಭಾಗದಲ್ಲಿ ಒಂದೇ ಕಡೆ, ನನ್ನ ಹೆಬ್ಬೆರಳಿಟ್ಟರೆ ಹತ್ತೂ ಮುಚ್ಚಿಹೋಗುತ್ತಿದ್ದವು. ಮಗಳೇ, ಕೈ ಸೋತವಳು ಹೀಗೆ ತಪ್ಪಿಸಲಾರಳು. ಇಷ್ಟು ಚೆನ್ನಾಗಿ ತಪ್ಪಿಸಬೇಕಾದರೆ ಎಷ್ಟು ಚೆನ್ನಾಗಿ ಹಾಕಲು ಬರಬೇಕು!

ಶನಿವಾರ ಆಟಕ್ಕೆ ಮುಂಚೆ ಅವಳನ್ನು ಮೇಜಿನ ಹತ್ತಿರ ಕರೆದು ಆ ಚೂರು ಕಾಗದವನ್ನು ಮುಂದಿಟ್ಟೆ. ನೋಡಿದವಳೇ ಕಿವಿಯವರೆಗೆ ಕೆಂಪಾದಳು. “ತಾತ, ನನ್ನನ್ನ ಐದನೇದಾಗಿ ಹಾಕಿಬಿಡಿ” ಎಂದಳು. ಯಾಕಮ್ಮ, ಯಾರಾದರೂ ಹೆದರಿಸಿದರೇ ಎಂದೆ. ಇಲ್ಲ. ಮೈಗೆ ಹುಷಾರಿಲ್ಲವೇ? ಇದೆ. ಮತ್ತೆ? “ಆಟ ಬರುತ್ತೆ ತಾತ. ಬೇಡ, ಅಷ್ಟೇ.” ಐದು ವರ್ಷದವಳಿದ್ದಾಗ ಅವರಪ್ಪ ಗ್ಯಾರೇಜಿನ ಹಿಂದೆ ಹಳೆಯ ಚಕ್ರದ ಬಳೆಯೊಂದನ್ನು ಕಂಬಕ್ಕೆ ಬೆಸೆದು ಕೈಗೆ ಚೆಂಡು ಕೊಟ್ಟರಂತೆ. ಅಂದಿನಿಂದ ದಿನವೂ ಆಡಿದ್ದಾಳೆ, ಎಲ್ಲರೂ ಹೊಗಳಿದ್ದಾರೆ. ಚೆಂಡು ಒಳಗೆ ಬಿದ್ದಾಗ ಎಲ್ಲರಿಗೂ ಏನೋ ಆಗುತ್ತದಂತೆ, ತನಗೆ ಏನೂ ಆಗುವುದಿಲ್ಲವಂತೆ. ಹಾಗಾದರೆ ನಿನಗೆ ಬೇಕಾದದ್ದೇನು ಎಂದು ಕೇಳಿದೆ. ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡು, “ಗೊತ್ತಿಲ್ಲ ತಾತ. ಇದನ್ನ ಬಿಟ್ರೆ ಗೊತ್ತಾಗಬಹುದೇನೋ. ಅಪ್ಪನಿಗೆ ಮಾತ್ರ ಹೇಳಬೇಡಿ” ಎಂದಳು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಪಕ್ಕದಲ್ಲೇ ಏಣಿ ಗೋಡೆಗೆ ಚೆಂಡೆಸೆದು ಹಿಡಿಯುವುದನ್ನು ಕಲಿಯುತ್ತಿದ್ದಳು, ಏಳಕ್ಕೆ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾಳೆಂದು ಹಾಲ್ ಅಕ್ಕ ಹೇಳಿದ್ದಳು. ಹಲ್ಲಿದ್ದವರಿಗೆ ಕಡಲೆ ಬೇಡ, ಕಡಲೆ ಬೇಕಾದವಳಿಗೆ ಹಲ್ಲಿಲ್ಲ. ಯಾರ ತಲೆಗೆ ಯಾವ ಅಂಕ ಹಚ್ಚಲಿ? ಮುಂದೆ ತಲುಪಬಹುದಾದ ಮಟ್ಟ ಎಂದರೆ ತಲುಪಬಲ್ಲ ಮಟ್ಟವೋ, ತಲುಪಬೇಕೆಂದಿರುವ ಮಟ್ಟವೋ? ಫಾರಂ ಮಾಡಿದ ಪುಣ್ಯಾತ್ಮರು ಅದನ್ನೊಂದು ಬರೆದಿದ್ದರೆ ನನಗೆ ಮೂರು ದಿನದ ನಿದ್ದೆ ಉಳಿಯುತ್ತಿತ್ತು.

ಅದೇ ದಿನ ಆಟ ಮುಗಿಯುವ ಹೊತ್ತಿಗೆ ಅವರಪ್ಪ ಬಂದರು. ಉಗುರಿನ ಸಂದಿಯಲ್ಲಿ ಗ್ರೀಸು, ಕೈ ತೊಳೆದೂ ತೊಳೆದೂ ಚರ್ಮ ಬಿಳಿಚಿಕೊಂಡಿತ್ತು. ಬೆಂಚಿನ ತುದಿಯಲ್ಲಿ ಅರ್ಧ ಕೂತು, “ಯಜಮಾನ್ರೇ, ನಿನ್ನೆ ಅವಳಿಗೆ ಜ್ವರ ಇತ್ತು, ಅದಕ್ಕೇ ಹಂಗಾಯ್ತು, ಅದನ್ನ ಲೆಕ್ಕಕ್ಕಿಡಬೇಡಿ” ಎಂದರು. ಜ್ವರವಿರಲಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. “ನನಗೆ ಚೆಂಡು ಹಿಡಿಯೋಕೂ ಬರಲ್ಲ. ಅವಳು ಆಡೋದು ನೋಡಿದ್ರೆ ಇಡೀ ದಿನದ ಸುಸ್ತು ಇಳಿದುಹೋಗುತ್ತೆ, ಅಷ್ಟೇ ನನಗೆ ಗೊತ್ತಿರೋದು” ಎಂದರು. ಆ ಮನುಷ್ಯನ ಮುಖ ನೋಡಿಕೊಂಡು ಮಗಳ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದಿದೆಯಲ್ಲ, ಬಿಸಿ ತುತ್ತು ಬಾಯಲ್ಲಿಟ್ಟುಕೊಂಡ ಹಾಗೆ: ಉಗುಳಲೂ ಆಗದು, ನುಂಗಲೂ ಆಗದು.

ಅವಳನ್ನು ಮತ್ತೆ ಕರೆದೆ. ನೋಡಮ್ಮ, ಸುಳ್ಳು ಅಂಕ ಬರೆದು ನನಗೆ ಅಭ್ಯಾಸವಿಲ್ಲ, ಬೇಕೆಂದು ತಪ್ಪಿಸಿದ್ದನ್ನು ತಪ್ಪು ಎಂದೂ ಬರೆಯಲಾರೆ, ನಿನಗೆ ಒಂಬತ್ತೂವರೆ, ಒಂದನೇ ನಂಬರು. ಆದರೆ ಫಾರಂ ಕೆಳಗೆ ವಿದ್ಯಾರ್ಥಿನಿಯ ಒಪ್ಪಿಗೆ ಸಹಿ ಎಂದಿದೆ. ಅಲ್ಲಿ ನೀನು ಸಹಿ ಹಾಕದಿದ್ದರೆ ನನ್ನ ನಂಬರಿಗೆ ಬೆಲೆಯಿಲ್ಲ. ಬೇಡವೆನ್ನುವುದಾದರೆ ಬಾಯಲ್ಲಿ ಹೇಳು, ರಿಂಗಿಗೆ ಹೊಡೆದು ಹೇಳಬೇಡ ಎಂದೆ. ನಾನು ಯಾರು, ಬೇರೆಯವರ ಮನೆಯ ಮಾತನ್ನು ಹೊರಗೆ ತರುವವನು?

ಅವಳು ಫಾರಂ ಹಿಡಿದು ನೇರ ಬೆಂಚಿಗೆ ಹೋದಳು. “ಅಪ್ಪಾ, ನಿನ್ನೆ ನಾನು ಬೇಕೂಂತ್ಲೇ ತಪ್ಪಿಸಿದೆ” ಎಂದಳು. ಅವರು ಫಾರಂ ಕೈಗೆ ತೆಗೆದುಕೊಂಡರು. ಆಮೇಲೆ ಕೇಳಿದ್ದು ಒಂದೇ: “ಹನ್ನೆರಡೂನಾ?” ಅವಳು ತಲೆ ತಗ್ಗಿಸಿ, “ಹನ್ನೆರಡೂ. ಎರಡು ಕೈತಪ್ಪಿ ಒಳಗೆ ಹೋದ್ವು” ಎಂದಳು. ಆ ಮನುಷ್ಯನಿಗೆ ನಗು ಬಂದುಬಿಟ್ಟಿತು ಮಗಳೇ. ನಗುತ್ತಲೇ ಕಣ್ಣೊರೆಸಿಕೊಂಡರು. ನಗು ಯಾವಾಗ ನಿಂತಿತೋ, ಬೇರೆಯದು ಯಾವಾಗ ಶುರುವಾಯಿತೋ, ಅಷ್ಟು ಹತ್ತಿರ ಕೂತಿದ್ದ ನನಗೂ ಗೊತ್ತಾಗಲಿಲ್ಲ. ಇಬ್ಬರೂ ಫಾರಂ ಮಡಚಿಕೊಂಡು ಹೊರಟುಹೋದರು. ಭಾನುವಾರವೆಲ್ಲ ನಾನು ಬಾಗಿಲ ಕಡೆಯೇ ನೋಡುತ್ತಾ ಕಳೆದೆ.

ನಿನ್ನೆ ಬೆಳಿಗ್ಗೆ ಅವರಪ್ಪ ಒಬ್ಬರೇ ಮನೆಗೆ ಬಂದರು. ಫಾರಂ ಮೇಜಿನ ಮೇಲಿಟ್ಟರು, ಸಹಿಯ ಜಾಗ ಖಾಲಿ. ಕೂರಿ ಎಂದರೂ ಕೂರಲಿಲ್ಲ. “ಫೀಸು ನಾನೇ ಕಟ್ತೀನಿ, ಎಲ್ಲರ ಹಂಗೆ ಓದಲಿ. ಅವಳ ಹೆಸರು ತೆಗೆದುಬಿಡಿ” ಎಂದರು. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದರು. “ಯಜಮಾನ್ರೇ, ಆ ಒಂಬತ್ತೂವರೆ ಅಂದ್ರಲ್ಲ, ಅದನ್ನ ನನಗೊಂದು ಚೀಟೀಲಿ ಬರ್ದುಕೊಡ್ತೀರಾ?” ನಾನು ಚೀಟಿಯಲ್ಲಿ ಬರೆಯಲಿಲ್ಲ. ಒಂದು ಹೊಸ ಸ್ಕೋರ್ ಶೀಟು ತೆಗೆದು ಗುರುವಾರದ ಆಟವನ್ನು ಒಂದೊಂದು ಪಾಯಿಂಟೂ ಬಿಡದೆ ನಕಲು ಮಾಡಿ, ಕೆಳಗೆ ಒಂಬತ್ತೂವರೆ ಎಂದು ಬರೆದು, ಮೂವತ್ತೊಂದು ವರ್ಷ ಹಾಕಿದ ಸಹಿಯನ್ನೇ ಹಾಕಿ ಕೊಟ್ಟೆ. ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಈಗ ಪಟ್ಟಿ ಹೀಗಿದೆ: ಟ್ರಾಫಿಕ್, ಬೇಕರಿಯವರ ಮಗಳು, ಮೌನಿ, ನಾಲ್ಕನೆಯದು ಏಣಿ. ನಿಜವಾದ ಹೆಸರುಗಳು ಪಟ್ಟಿಯಲ್ಲಿವೆ. ಏಣಿಗೆ ಏಳು ಕೊಟ್ಟಿದ್ದೇನೆ. ಶನಿವಾರ ಹತ್ತರಲ್ಲಿ ಆರು ಪಾಸು ಹಿಡಿದಳು, ಕಣ್ಣು ತೆರೆದುಕೊಂಡು. ನಾಲ್ಕು ವರ್ಷಕ್ಕೆ ಏನಾಗುತ್ತಾಳೋ ದೇವರೇ ಬಲ್ಲ. ನನ್ನ ಲೆಕ್ಕ ತಲೆಕೆಳಗಾದರೂ ಆದೀತು. ನಿನಗೆ ಸರಿ ಕಂಡರೆ ಸಹಿ ಹಾಕಿ ನೇರ ಪ್ರಿನ್ಸಿಪಾಲರಿಗೆ ಕಳಿಸು, ಸರಿ ಕಾಣದಿದ್ದರೆ ಅಳಿಸಿ ಬೇರೆ ಬರೆ, ನನಗೇನೂ ಬೇಸರವಿಲ್ಲ.

ಬೀಗಿತ್ತಿಯವರಿಗೆ ನನ್ನ ನಮಸ್ಕಾರ. ನಿನ್ನ ಕೈಯಿಂದ ಅವರ ಕೋಲು, ಕೋಲಿನಿಂದ ಅವರ ಸ್ವಂತ ಕಾಲು, ಬೇಗ ಹಾಗಾಗಲಿ. ನಿನ್ನ ಗಂಡ ನೆನಪು ತಿಳಿಸಿದ್ದಾನೆ. ಅವನಿಗೆ ಬರೆಯಲು ಬರುವುದಿಲ್ಲ, ಅಚ್ಚು ಹಾಕಲು ಮಾತ್ರ ಬರುತ್ತದೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ ತಾಯಿ.

ನಿನ್ನನ್ನು ಮಗಳೆಂದೇ ಕರೆಯುವ,
ಮಾವ

ತಾ.ಕ.: ಐದಕ್ಕೆ ಕೊರಿಯರಿನವನು ಅಂಗಡಿ ಮುಚ್ಚುತ್ತಾನೆ, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿನಗೆ ಹತ್ತೊಂಬತ್ತಾಗಿದ್ದಾಗ ನಿನ್ನ ಪಾಯಿಂಟುಗಳನ್ನು ಬರೆದವನು ನಾನೇ. ಇಂಥ ಹುಡುಗಿ ನಮ್ಮ ಮನೆಗೆ ಬರಬೇಕೆಂದು ಮಗನಿಗೆ ಹೇಳಿದವನೂ ನಾನೇ. ಮದುವೆಯಾದ ವರ್ಷ ಆ ಕೋಚ್ ಕೆಲಸದ ಅರ್ಜಿಯನ್ನು ತಂದು, ನಾನೇ ತುಂಬಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದೆ. ನೀನು ಹಾಕಿದೆ. ಈಗ ಹದಿನೇಳು ವರ್ಷವಾಯಿತು. ಈ ಐದು ವಾರದಲ್ಲಿ ನೀನು ಬರೆದ ಮೂರು ಕಾಗದಗಳನ್ನು ನಿನ್ನೆ ಮತ್ತೆ ಓದಿದೆ. ಅಮ್ಮನ ಜೊತೆ ಹಿತ್ತಲಲ್ಲಿ ಕೂತು ಬುಟ್ಟಿ ಹೆಣೆಯುವುದನ್ನು ಕಲಿಯುತ್ತಿದ್ದೇನೆಂದು ಎರಡೆರಡು ಪುಟ ಬರೆದಿದ್ದೀಯ, ಹಾಲ್‌ನ ಬಗ್ಗೆ, ಹುಡುಗಿಯರ ಬಗ್ಗೆ ಒಂದು ಸಾಲೂ ಕೇಳಿಲ್ಲ. ನನ್ನ ಭ್ರಮೆಯಾಗಿದ್ದರೆ ನಕ್ಕುಬಿಡು. ಅಂದು ಸಹಿಯ ಜಾಗ ತೋರಿಸಿದ್ದು ಚೆನ್ನಾಗಿ ನೆನಪಿದೆ, ನಿನಗೆ ಆ ಕೆಲಸ ಬೇಕೇ ಎಂದು ಕೇಳಿದ ನೆನಪು ಎಷ್ಟು ತಡಕಾಡಿದರೂ ಸಿಗುತ್ತಿಲ್ಲ. ಕೇಳಿದ್ದೆನೇ ಮಗಳೇ? ಕೇಳಿರದಿದ್ದರೆ ಈಗ ಕೇಳುತ್ತಿದ್ದೇನೆ. ನೀನು ಏನು ಬರೆದರೂ ಈ ಮನೆಯಲ್ಲಿ ನಿನ್ನ ಜಾಗ ನಿನ್ನದೇ.