ಮತ್ತೆ ಬನ್ನಿ ಅನ್ನಬಾರದ ವ್ಯಾಪಾರ

ಫೆಬ್ರುವರಿ 11, ಬೆಳಿಗ್ಗೆ

ಗಂಜಿ ಆಯಿತು. ಮಾತ್ರೆ ಆಯಿತು. ಊಟದ ಮೇಜು ಇವತ್ತೂ ನಮ್ಮದಲ್ಲ — ಮೊಮ್ಮಗಳು ಧನಶ್ರೀ, ಅವಳ ಕಂಪನಿಯ ಪಾರ್ಟ್ನರ್ ಜುಬೈದಾ, ಎರಡು ಲ್ಯಾಪ್‌ಟಾಪು, ಮಾರುದ್ದ ವಯರು. ಸೊಸೆ ಸರೋಜ ತಟ್ಟೆ ಹಿಡಿದು ಸೋಫಾಕ್ಕೆ ಹೋದಳು. ಎಡಪ್ಪಳ್ಳಿಯಲ್ಲಿ ಇಷ್ಟು ಬಾಡಿಗೆ ಕೊಟ್ಟು ಮಡಿಲಲ್ಲಿ ಊಟ.

ಕಂಪನಿ ಹುಟ್ಟಿದ್ದಕ್ಕೆ ನಾನೇ ಕಾರಣ. ಹೋದ ವರ್ಷ ನನ್ನ ಸೊಂಟದ ಆಪರೇಶನ್. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕ ಮನೆಯವರೊಬ್ಬರು ಕೂರಲೇಬೇಕು. ಬೈಸ್ಟ್ಯಾಂಡರ್ ಅನ್ನುತ್ತಾರೆ. ಯಾರು ಯಾವಾಗ ಕೂರುವುದೆಂದು ಮಗ ಕೃಷ್ಣಾನಂದನಿಗೂ ಸರೋಜಳಿಗೂ ವಾಟ್ಸಾಪಿನಲ್ಲೇ ಜಗಳ. ಒಂದು ದಿನ ಎಲ್ಲರೂ ಬಂದರು. ಮರುದಿನ ಕಾಗೆಯೂ ಇಲ್ಲ. ಅದನ್ನು ನೋಡಿ ಧನಶ್ರೀ ಆ್ಯಪ್ ಮಾಡಿದಳು — ಯಾರ ಪಾಳಿ, ಯಾರು ಊಟ ತರುವುದು, ಯಾವ ಮದ್ದು ಬೇಕು, ಎಲ್ಲರ ಫೋನಿನಲ್ಲೂ ಕಾಣುವ ಹಾಗೆ. ಹೆಸರು ‘ಕೂಟ್ಟ್’. ಮಲಯಾಳದಲ್ಲಿ ಜೊತೆ ಎಂದು ಅರ್ಥ.

ಈಗಿನ ತಲೆಬಿಸಿ ಬೇರೆ. ಬಂದ ಯೂಸರ್ ವಾರದಲ್ಲಿ ಮಾಯ. ರಿಟೆನ್ಷನ್ ಇಲ್ಲವಂತೆ. ಮಾರ್ಚ್ 14ಕ್ಕೆ ತಿರುವನಂತಪುರದಲ್ಲಿ ಇನ್ವೆಸ್ಟರ್‌ಗಳ ಮುಂದೆ ನಿಲ್ಲಬೇಕು. ಅವರು ಒಪ್ಪಿದರೆ ಕಂಪನಿ ಉಳಿಯಿತು. ಇಲ್ಲದಿದ್ದರೆ ಮುಚ್ಚಿ, ಏಪ್ರಿಲಿನಿಂದ ಚೆನ್ನೈಯಲ್ಲಿ ಯಾರದೋ ಕೈಕೆಳಗೆ ನೌಕರಿ. ಅಪ್ಪ ಮಗಳು ಮಾಡಿಕೊಂಡ ಒಪ್ಪಂದ.

ಗ್ರೋತ್ ಸಲಹೆಗಾರನಂತೆ, ಪ್ರಥಮ್ ಎಂಬವನು, ಪರದೆಯಲ್ಲಿ ಬಂದ. ಬಿಟ್ಟು ಹೋದವರಿಗೆಲ್ಲ ಮೆಸೇಜ್ ಹೋಗಬೇಕು ಎಂದ.

ನಾನೂ ಬಾಯಿ ಹಾಕಿದೆ. “ಸರಿ ಹೇಳಿದ. ಸಂತೆಯಲ್ಲಿ ಕೂಗದವಳ ಬಸಳೆ ಬಾಡಿ ಮನೆಗೆ ಬರುತ್ತದೆ.”

“ಅಜ್ಜಿ, ಇನ್ನು ನೀವೇ ನಮ್ಮ ಮಾರ್ಕೆಟಿಂಗ್ ಹೆಡ್!” ಎಂದಳು ಧನಶ್ರೀ.

“ಸಂಬಳ ಎಷ್ಟು?”

“ಈಕ್ವಿಟಿ ಕೊಡ್ತೇನೆ.”

ತಿನ್ನುವ ಸಾಮಾನಲ್ಲ ಎಂದು ಮುಖ ನೋಡಿಯೇ ಗೊತ್ತಾಯಿತು.

ಫೆಬ್ರುವರಿ 19

ಗ್ರಾಫ್ ಏರಿದೆ. ಮೆಸೇಜ್ ನೋಡಿ ಜನ ಆ್ಯಪ್ ತೆರೆಯುತ್ತಿದ್ದಾರಂತೆ. ಪ್ರಥಮ್ ಪರದೆಯಲ್ಲೇ ಕುಣಿದ. ನಾನು ಅಡಪ್ರಥಮನ್ ಪಾಯಸ ಮಾಡಿಸಿದೆ. ಜುಬೈದಾ ಎರಡು ಲೋಟ ಕುಡಿದಳು. ಉಪ್ಪಳದ ಹುಡುಗಿ, ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮವಳಿಗಿಂತ ಶುದ್ಧ ಕನ್ನಡ ಅವಳದ್ದು. ನಮ್ಮವಳು ಕನ್ನಡದಲ್ಲಿ ಶುರುಮಾಡಿ ಮಲಯಾಳದಲ್ಲಿ ಇಳಿಯುತ್ತಾಳೆ.

ಮೆಸೇಜಿನಲ್ಲಿ ಎಂತ ಬರೆದಿದ್ದಾರೆ ಎಂದು ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಗ ತೋಚಲಿಲ್ಲ.

ಫೆಬ್ರುವರಿ 27, ಮಧ್ಯಾಹ್ನ

ಫೋನು ಬಂತು. ಅಂಬಲಮುಗಳಿನ ಸಂದೀಪ್ ಎಂಬವರು. ಧನಶ್ರೀ ಸ್ಪೀಕರಿಗೆ ಹಾಕಿದ್ದಳು. ಮೊದಲು ಬೈಗುಳ, ಆಮೇಲೆ ವಿಷಯ. ಅವರ ಅಮ್ಮ ಆಸ್ಪತ್ರೆಯಲ್ಲೇ ಹೋದರು. ವಾರವೂ ಆಗಿಲ್ಲ. ಈ ಹುಡುಗಿಯರ ಆ್ಯಪ್ ಫೋನಿಗೆ ಬಂದು ಹೇಳಿದೆ — ನಿಮ್ಮನ್ನು ಮಿಸ್ ಮಾಡುತ್ತಿದ್ದೇವೆ, ಬೇಗ ಮತ್ತೆ ಬನ್ನಿ! ಪಕ್ಕದಲ್ಲಿ ಒಂದು ಹಳದಿ ಹೃದಯ.

ಫೋನಿಟ್ಟ ಮೇಲೆ ಇಬ್ಬರೂ ಲ್ಯಾಪ್‌ಟಾಪಿಗೆ ಬಾಗಿದರು.

“ಸಾರಿ ಮೇಲ್ ಕಳಿಸ್ತೇನೆ,” ಎಂದಳು ಧನಶ್ರೀ. “ನಂಬರ್ ಬ್ಲಾಕ್... ಐ ಮೀನ್, ಲಿಸ್ಟಿನಿಂದ ತೆಗೀತೇನೆ.”

“ಸಾವಿನ ಮನೆಗೆ ಮೇಲ್ ಕಳಿಸುವುದಾ? ಅಡ್ರೆಸ್ ಕೇಳು. ನಾನೂ ಬರ್ತೇನೆ.”

ಕೂಗು ಎಂದವಳು ನಾನು. ಎಲ್ಲಿ, ಯಾರಿಗೆ ಎಂದು ಹೇಳಿರಲಿಲ್ಲ. ತಪ್ಪಿನಲ್ಲಿ ಅಷ್ಟು ನನ್ನ ಪಾಲು.

ಮಾರ್ಚ್ 1

ಹೋಗಿ ಬಂದೆವು. ರಿಫೈನರಿಯ ವಾಸನೆ ಅವರ ಮನೆಯ ಗೇಟಿನ ತನಕ. ಸಂದೀಪರಿಗೆ ಅಲ್ಲೇ ಕೆಲಸ. ಗಡ್ಡ ಬಿಟ್ಟಿದ್ದಾರೆ. ಬೈಯಲು ತಯಾರಾಗಿ ಬಂದವರು ನನ್ನ ಊರುಗೋಲು ನೋಡಿ ಕುರ್ಚಿ ಎಳೆದುಕೊಟ್ಟರು. ಹಾಲಿಲ್ಲದ ಕಟ್ಟನ್ ಚಾಯ ಬಂತು.

ಧನಶ್ರೀ ತಲೆ ತಗ್ಗಿಸಿ ಸಾರಿ ಚೇಟ್ಟಾ, ಸಾರಿ ಅಣ್ಣಾ ಎಂದಳು. ಅವರು ಮೆಲ್ಲಗೆ ಹೇಳಿದರು, “ಆ್ಯಪ್ ಒಳ್ಳೆಯದೇ ಮಗಳೇ. ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟವನು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅದರಲ್ಲಿ ಖಾಲಿ ಪಾಳಿ ಕಂಡು ತಾನೇ ಹೆಸರು ಹಾಕಿಕೊಂಡ. ಅಮ್ಮ ಅವನನ್ನು ನೋಡಿಯೇ ಹೋದಳು. ಆದರೆ ಆಮೇಲೆ ಯಾಕೆ ಕರೆದಿರಿ?”

ಚಾಯ ಕುಡಿದು ಮುಗಿಸಿದೆವು.

ಎದ್ದೆವು. ಬಾಗಿಲ ಹತ್ತಿರ ಈ ಹುಡುಗಿ ಕೈ ಮುಗಿದು ಹೇಳಬೇಕೇ — “ಪೋಯಿಟ್ಟು ವರಾಂ, ಚೇಟ್ಟಾ.” ಹೋಗಿ ಬರುತ್ತೇನಂತೆ! ತೋಳಿಗೆ ಚಿವುಟಿದೆ. ಅಯ್ಯೋ ಎಂದು ಕೂಗಿದಳು. ಸಂದೀಪ್ ಎಲ್ಲ ಕಂಡರು. ಅಷ್ಟು ದುಃಖದಲ್ಲೂ ತುಟಿಯ ಮೂಲೆ ಸ್ವಲ್ಪ ಅಲುಗಿತು. “ಬಿಡಿ ಅಮ್ಮೇ. ಆ್ಯಪಿಗೆ ಬುದ್ಧಿ ಎಲ್ಲಿಂದ ಬಂತೆಂದು ಗೊತ್ತಾಯಿತು.”

ಆಟೋದಲ್ಲಿ ತೋಳು ಉಜ್ಜಿಕೊಂಡು ಕೇಳಿದಳು. “ಎಂತಕ್ಕೆ ಚಿವುಟಿದ್ದು?”

“ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೇನೆ ಅನ್ನುವುದುಂಟಾ? ಅಲ್ಲಿ ಹೇಳದೆ ಎದ್ದು ಬರುವುದು. ಆಸ್ಪತ್ರೆಯಲ್ಲೂ ಹಾಗೆಯೇ. ನನ್ನನ್ನು ಡಿಸ್ಚಾರ್ಜ್ ಮಾಡಿದ ದಿನ ನರ್ಸ್ ‘ಮತ್ತೆ ಬನ್ನಿ’ ಅಂದಿದ್ದರೆ ಕೋಲು ಎತ್ತುತ್ತಿದ್ದೆ. ಇನ್ನು ಈ ಕಡೆ ಕಾಣಬೇಡಿ ಅಮ್ಮೂಮ್ಮ ಅಂದಳು. ಅದು ಆಶೀರ್ವಾದ.”

ತ್ರಿಪ್ಪೂಣಿತ್ತುರ ದಾಟುವಾಗ ಫೋನು ತೆಗೆದು ಜುಬೈದಾಳಿಗೆ ಹೇಳಿದಳು: “ಮೆಸೇಜ್ ಆಫ್ ಮಾಡು. ಎಲ್ಲಾ. ಈಗಲೇ.”

ಮಾರ್ಚ್ 7

ಗ್ರಾಫ್ ಬಾವಿಗೆ ಬಿದ್ದ ಕೊಡ. ಪ್ರಥಮ್ ಇವರಿಗೆ ಹುಚ್ಚು ಎಂದ, ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿ. ಕೃಷ್ಣಾನಂದ ಚೆನ್ನೈಯ ಹಾಸ್ಟೆಲ್ ಹುಡುಕುತ್ತಿದ್ದಾನೆ. ಬ್ಯಾಂಕಿನಲ್ಲಿ ಕೆಲಸ ಮಾಡುವವನ ಬುದ್ಧಿ — ಮಳೆಗೆ ಮೊದಲೇ ಕೊಡೆ ಕಿತ್ತುಕೊಳ್ಳುವುದು.

ಇವತ್ತು ಜುಬೈದಾ ಒಂದು ಮಾತು ಹೇಳಿದಳು. ಅವಳ ತಾಯಿ, ಉಮ್ಮ, ಆಸ್ಪತ್ರೆ ಬಿಡುವಾಗ ಬಕೆಟು, ಚಾಪೆ, ಫ್ಲಾಸ್ಕು ಎಲ್ಲ ಪಕ್ಕದ ಹಾಸಿಗೆಯವರಿಗೆ ಕೊಟ್ಟು ಬಂದರಂತೆ. ಅದನ್ನೆಲ್ಲ ಯಾರು ಮನೆಗೆ ತರುತ್ತಾರೆ? “ನಾವೂ ಹಾಗೇ ಕೇಳುವ ಧನು. ಹೊರಡುವವರ ಹತ್ತಿರ ಮತ್ತೆ ಬನ್ನಿ ಬೇಡ. ಪಕ್ಕದ ಹಾಸಿಗೆಯವರಿಗೆ ಆ್ಯಪ್ ಕೊಡ್ತೀರಾ ಅಂತ ಒಂದೇ ಸಲ. ಆಮೇಲೆ ನಾವು ಬಾಯಿ ಮುಚ್ಚುವುದು.”

“ರೆಫರಲ್!” ಎಂದು ಹಾರಿದಳು ನಮ್ಮವಳು. ಬಕೆಟು ಎಂದರೂ ಆಗುತ್ತಿತ್ತು.

“ರೋಗಿ ಹೋಗಿಬಿಟ್ಟರೆ?” ಎಂದು ನಾನು ಕೇಳಿದೆ.

ಕಡೆಗೆ ತೀರ್ಮಾನ — ಡಿಸ್ಚಾರ್ಜ್ ಆಯಿತು ಎಂದು ಮನೆಯವರೇ ಒತ್ತಿದರೆ ಮಾತ್ರ ಕೇಳುವುದು. ಒತ್ತದಿದ್ದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವುದು. ಸುಮ್ಮನಿರುವುದಕ್ಕೂ ಕೋಡ್ ಬರೆಯಬೇಕಂತೆ. ಮನುಷ್ಯರಿಗೂ ಬರೆಯುವ ಹಾಗಿದ್ದರೆ ನಮ್ಮ ಫ್ಲ್ಯಾಟಿನ ಸೆಕ್ರೆಟರಿಯಿಂದ ಶುರುಮಾಡಬಹುದಿತ್ತು.

ಮಾರ್ಚ್ 13, ಸಂಜೆ. ತಿರುವನಂತಪುರ, ತಂಪಾನೂರಿನ ಲಾಡ್ಜ್

ಮೂವರೂ ರೈಲಿನಲ್ಲಿ ಬಂದೆವು. ನಾನು ಬೇಡ ಎಂದು ಸರೋಜ ಹೇಳಿದಳು. ಹೇಳಲಿ.

ಹೊಸ ದಾರಿ ಹಿಡಿದು ವಾರ ಆಗಲಿಲ್ಲ. ಹೊರಡುವವರಲ್ಲಿ ನಾಲ್ಕಕ್ಕೆ ಒಬ್ಬರು ಪಕ್ಕದವರಿಗೆ ಕೊಡುತ್ತಿದ್ದಾರೆ. ತೋರಿಸಲು ಗೆರೆ ಬೆರಳುದ್ದ. ಫೆಬ್ರುವರಿಯ ಗೆರೆ ತೆಂಗಿನ ಮರದಷ್ಟು.

ಪ್ರಥಮ್ ಫೋನಿನಲ್ಲಿ: “ಫೆಬ್ರುವರಿ ಮಾತ್ರ ತೋರಿಸಿ. ಸುಳ್ಳಲ್ಲವಲ್ಲ. ಮಾರ್ಚ್ ಯಾರೂ ಕೇಳುವುದಿಲ್ಲ.”

ಧನಶ್ರೀ ಮಂಚದ ತುದಿಯಲ್ಲಿ ಕೂತು ಫೆಬ್ರುವರಿಯ ಸ್ಲೈಡನ್ನೇ ನೋಡಿದಳು. “ಅಜ್ಜಿ, ಇದೊಂದು ಇದ್ದರೆ ದುಡ್ಡು ಸಿಗ್ತದೆ. ಇಲ್ಲದಿದ್ದರೆ ಚೆನ್ನೈ.”

“ಆ ಗೆರೆಯಲ್ಲಿ ಸಂದೀಪರೂ ಇದ್ದಾರಾ?”

“...ಇದ್ದಾರೆ. ಓಪನ್ ಮಾಡಿದ್ದಾರಲ್ಲ.”

“ಬೈಯಲು ಬಂದವರನ್ನೂ ಗಿರಾಕಿ ಎಂದು ಎಣಿಸಿದ್ದೀರಿ. ಸಿಗುವುದಾದರೆ ಸಿಗಲಿ. ನಾಳೆ ಯಾರಾದರೂ ಅದನ್ನು ನಂಬಿ ಪುನಃ ಕೂಗು ಎಂದರೆ?”

ಧನಶ್ರೀ ಒಂದು ಗುಂಡಿ ಒತ್ತಿದಳು. ಸ್ಲೈಡ್ ಹೋಯಿತು. ಆಮೇಲೆ ಅತ್ತಳು. ಅಳಲಿ ಎಂದು ಬಿಟ್ಟೆ. ಕೆಳಗೆ ಹೋಗಿ ಮೂರು ಮಸಾಲೆದೋಸೆ ಹೇಳಿ ಬಂದೆ.

ಮಾರ್ಚ್ 14, ಮಧ್ಯಾಹ್ನ. ಇನ್ವೆಸ್ಟರ್‌ಗಳ ಆಫೀಸಿನ ಹೊರಗಿನ ಬೆಂಚು

ಹುಡುಗಿಯರು ಒಳಗೆ ಹೋಗಿ ಬಂದರು. ಕೇಳಿದ್ದನ್ನು ಬರೆಯುತ್ತೇನೆ.

ಕೋಟಿನವನೊಬ್ಬ ಕೇಳಿದನಂತೆ, ಬಂದವರಲ್ಲಿ ಎಷ್ಟು ಜನ ಮತ್ತೆ ಬರುತ್ತಾರೆ? ನಮ್ಮವಳು, “ಯಾರೂ ಬರಬಾರದು ಸರ್. ಬರುವ ಅವಸ್ಥೆ ಯಾರಿಗೂ ಬೇಡ. ಹೋಗುವಾಗ ಎಷ್ಟು ಜನ ಇನ್ನೊಬ್ಬರಿಗೆ ಕೊಟ್ಟು ಹೋಗುತ್ತಾರೆ, ಅದು ನಮ್ಮ ಗ್ರೋತ್.” ಅವನು ಇದು ವ್ಯಾಪಾರವಲ್ಲ, ಸೇವೆ ಎಂದ. ಆಸ್ಪತ್ರೆಗಳಿಂದ ವರ್ಷಕ್ಕೆ ಫೀಸು ಎತ್ತುವ ಲೆಕ್ಕ ಇವಳು ಇಟ್ಟಳು. ಅವನು ಗಲ್ಲ ಕೆರೆದುಕೊಂಡ.

ಕೊನೆಯಲ್ಲಿ ಕೂತಿದ್ದ ಹೆಂಗಸು, ಅವರೂ ದುಡ್ಡು ಹಾಕುವವರೇ, ಒಂದು ಪ್ರಶ್ನೆಯೂ ಕೇಳಲಿಲ್ಲವಂತೆ. ಫೋನು ಮೇಜಿನ ಕೆಳಗೆ ಹಿಡಿದು ಒತ್ತುತ್ತಲೇ ಇದ್ದರು. ಮರ್ಯಾದೆ ಇಲ್ಲದವಳು ಎಂದು ಇವರಿಗೆ ಸಿಟ್ಟು.

ಈಗ ಜುಬೈದಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಇದೇ ಊರಿನಿಂದ ಹೊಸ ಮನೆಯೊಂದು ಆ್ಯಪಿಗೆ ಸೇರಿದೆ. ಆ ಹೆಂಗಸಿನದೇ ಹೆಸರು. ರೋಗಿ ಅವರ ಅಪ್ಪ. ಖಾಲಿ ಪಾಳಿಗಳು ಸಾಲಾಗಿ. ನೋಡುತ್ತಿದ್ದ ಹಾಗೆ ಒಬ್ಬ ಅಣ್ಣ ಬಂದ. ಆಮೇಲೆ ಒಬ್ಬ ತಂಗಿ. ಇವತ್ತಿನ ರಾತ್ರಿಗೆ ಹೆಸರು ಬಿತ್ತು.

“ಅಜ್ಜಿ, ಅವರು ತುಂಬಿಸ್ತಿದ್ದದ್ದು ಇದನ್ನು!”

ದುಡ್ಡು ಆಮೇಲೆ. ಒಬ್ಬ ಮುದುಕನ ಪಕ್ಕ ಇವತ್ತು ಯಾರೋ ಇರುತ್ತಾರೆ. ಇವರು ಮಾಡಿದ್ದು ಅದು. ಯಾವ ಕೋಟಿನವನೂ ಇದನ್ನು ಅಳಿಸಲಾರ.

ಧನಶ್ರೀಯನ್ನು ಒಳಗೆ ಕರೆದರು. ಲ್ಯಾಪ್‌ಟಾಪ್ ನನ್ನ ಮಡಿಲಿಗೆ ಹಾಕಿ ಹೋದಳು. ಬಾಗಿಲು ಪೂರ್ತಿ ಮುಚ್ಚಿಲ್ಲ. ಕೋಟಿನವನ ಸ್ವರ. ಆ ಹೆಂಗಸಿನ ಸ್ವರ. ಬಹಳ ಹೊತ್ತು. ಈಗ ಯಾರೋ ನಕ್ಕರು — ಅಲ್ಲ, ಇವಳೇ, ನಮ್ಮವಳ ನಗುವೇ ಅದು. ಜುಬೈದಾ ಓಡಿದಳು. ನನ್ನ ಕೋಲು ಎಲ್ಲಿ, ಈ ಮಡಿಲಿನ ಸಾಮಾನು ಯಾರಾದರೂ ಹಿಡಿದರೆ ನಾನೂ —